ಗಾಳಿಕಿಂಡಿಗೆ ಹಲಗೆ

"ನಿಸರ್ಗದವ್ರು ಏನಂತೀರಿ?" ಚನ್ನಬಸಯ್ಯ ಮಾಸ್ತರರು ಮತ್ತೆ ಕೇಳಿದರು.

ಸುವರ್ಣಾ ಗೋಡೆಯನ್ನೇ ನೋಡುತ್ತಿದ್ದಳು. ಸಿಂದಗಿಯಾಚೆಯ ಹಳೆಯ ಹತ್ತಿ ಗಿರಣಿ ಈಗ ನಿಸರ್ಗ, ಕಲೆ, ವಿಜ್ಞಾನ ಕೇಂದ್ರ. ಅಂಗಳದ ಗೋಡೆಯ ಮೇಲೆ ಇಬ್ರಾಹಿಂಸಾಬರು ಭೀಮೆಯಿಂದ ಕೃಷ್ಣೆಯವರೆಗಿನ ಸೀಮೆ ಬರೆದಿದ್ದರು. ಇಂಡಿಯ ನಿಂಬೆ ತೋಟ, ಡೋಣಿ ನದಿಯ ಎರೆ ಹೊಲ, ಆಲಮಟ್ಟಿಯ ಹಿನ್ನೀರು. ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆ ಬೇರೆಯವರ ಹೆಸರು ಬರೆದೇ ಮುದಿಯಾದ ಕೈ ಅದು. ತಮ್ಮ ಹೆಸರು ಹಾಕಿಕೊಂಡಿದ್ದು ಈ ಗೋಡೆಗೆ ಮಾತ್ರ.

ಮೇಲಿನ ಗಾಳಿಕಿಂಡಿಯಲ್ಲಿ ಗೂಬೆ ಮರಿ ಮಾಡಿತ್ತು. ಹಿಕ್ಕೆ ಸುಣ್ಣದ ಗೆರೆಯಾಗಿ ಇಳಿದು ಹಿನ್ನೀರನ್ನು ಸೀಳಿತ್ತು. ನಾಳೆ ಬೆಳಿಗ್ಗೆ ಉದ್ಘಾಟನೆ. ಅದು ಮುಗಿಯುವ ತನಕ ಕಿಂಡಿಗೆ ಹಲಗೆ ಹೊಡೆಯುವುದೋ ಬೇಡವೋ ಎಂಬುದೇ ಪ್ರಶ್ನೆ.

ಕೇಂದ್ರದ ರೂಢಿ ಮಾಸ್ತರರೇ ಹಾಕಿದ್ದು. ಯಾರ ವಿಭಾಗದ ವಿಷಯವೋ ಅವರ ಮಾತೇ ಕೊನೆ. ವಿಜ್ಞಾನ ಮಾಸ್ತರರದು, ಕಲೆ ಇಬ್ರಾಹಿಂಸಾಬರದು, ನಿಸರ್ಗ ಸುವರ್ಣಾಳದು. ಗೋಡೆ ಕಲೆಗೆ ಸೇರಿದ್ದು. ಗೂಬೆ ನಿಸರ್ಗಕ್ಕೆ.

ಕೇಂದ್ರಕ್ಕೆ ಬಂದಾಗಿನಿಂದ ಅವಳು ಬೇಡ ಅನ್ನುತ್ತಲೇ ಇದ್ದಳು. ಬೇವು ಕಡಿಯಬೇಡಿ, ಹುಲ್ಲಿಗೆ ಬೆಂಕಿ ಇಡಬೇಡಿ, ಹಾವು ಹೊಡೆಯಬೇಡಿ. ಪ್ರತಿ ಸಲವೂ ವಾದ, ಆಮೇಲೆ ಯಾರದೋ ಬಿಗಿದ ಮುಖ. ಇಬ್ರಾಹಿಂಸಾಬರು ಮಾತ್ರ ಈವರೆಗೆ ಏನನ್ನೂ ಕೇಳಿರಲಿಲ್ಲ.

"ಗೂಗಿ ಕುಂತ ಮನಿ ಉದ್ಧಾರ ಆಗೂದಿಲ್ಲ ಅಂತಾರ," ಮಾಸ್ತರರು ಗೊಣಗಿದರು.

"ವಿಜ್ಞಾನದವ್ರು ನೀವ ಹಿಂಗಂದ್ರ ಹ್ಯಾಂಗ್ರಿ?" ಇಬ್ರಾಹಿಂಸಾಬರು ನಕ್ಕರು.

"ನಾ ಅಲ್ಲೋ ಸಾಬಾ, ನಾಳೆ ಬರಾವ್ರು ಅಂತಾರ."

ಸುವರ್ಣಾ ಕಣ್ಣು ಒರೆಸಿಕೊಂಡಳು. ಅಳು ಅಲ್ಲ, ನಿದ್ದೆಯಿರಲಿಲ್ಲ. "ಹಲಗಿ ಹೊಡೀರಿ. ಮರಿ ದೊಡ್ಡವು ಆಗಿರ್ತಾವ. ಒಂದ ರಾತ್ರಿಗೆ ಏನೂ ಆಗೂದಿಲ್ಲ."

ಧಾರವಾಡದಲ್ಲಿ ಅವಳು ಓದಿದ್ದು ಹುಲ್ಲಿನ ಬಗ್ಗೆ. ಗೂಬೆ ಮರಿ ಉಪವಾಸ ಎಷ್ಟು ತಾಳುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ಹತ್ತಿ ನೋಡಿಯೂ ಇರಲಿಲ್ಲ. ಯಾರೂ ಕೇಳಲಿಲ್ಲ. ನಿಸರ್ಗ ಹೂಂ ಅಂದಿತ್ತು.

"ಖರೇನ ತಂಗಿ?" ಇಬ್ರಾಹಿಂಸಾಬರು ಅವಳ ಮುಖ ನೋಡಿದರು. "ನೀ ಬ್ಯಾಡ ಅಂತಿ ಅಂತ ನಾ ಮನಸ್ಸು ಗಟ್ಟಿ ಮಾಡ್ಕೊಂಡಿದ್ನಲ್ಲ."

"ಹೂಂ ಕಾಕಾ. ಹೊಡೀರಿ."

ಹಲಗೆ ಹೊಡೆದ ಮೇಲೆ ಅವರು ಹಿನ್ನೀರನ್ನು ತೊಳೆದು, ಬೆಳಕಿರುವ ತನಕ ಮತ್ತೆ ಬಣ್ಣ ತುಂಬಿದರು.

ಬೆಳಿಗ್ಗೆ ಸುವರ್ಣಾ ಬಂದಾಗ ಖುರ್ಚಿಗಳ ಸಾಲು ಸಿದ್ಧವಿತ್ತು. ಗೋಡೆಯ ಬುಡದಲ್ಲಿ ಸತ್ತ ಇಲಿಗಳು ಬಿದ್ದಿದ್ದವು. ಒಂದು ಹಲಗೆಯ ಅಂಚಿಗೆ ಸಿಕ್ಕಿ ಜೋತಾಡುತ್ತಿತ್ತು. ಹೊರಗುಳಿದ ದೊಡ್ಡ ಗೂಬೆಗಳು ಮರಿಗಳಿಗೆಂದು ರಾತ್ರಿಯೆಲ್ಲ ತಂದು ತಂದು ಇಟ್ಟಿದ್ದವು.

"ಹಲಗಿ ತೆಗೀಬೇಕ್ರಿ ಸರ."

"ಈಗ? ಬರಾವ್ರ ಜೀಪ ಕನ್ನೊಳ್ಳಿ ದಾಟೇತಿ ಅಂತ ಫೋನ್ ಬಂತು!" ಮಾಸ್ತರರು ಕೈ ಎತ್ತಿದರು. "ನಿನ್ನಿ ನೀನ ಹೂಂ ಅಂದಿ."

"ತಪ್ಪಂದೆರಿ."

"ಹಂಗಾರ ಗ್ವಾಡಿ ಯಾರದೈತಿ ಅವರನ್ನ ಕೇಳು."

ಇಬ್ರಾಹಿಂಸಾಬರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾದಲ್ಲಿ ನಿಂತಿದ್ದರು. ಅವರ ಹೆಂಡತಿ ರೋಷನಬಿ ಮೊದಲ ಸಾಲಿನಲ್ಲಿ, ಗೋಡೆಗೆ ಹತ್ತಿರವಾಗಿ ಕೂತು, ಕೆಳಗಿದ್ದ ಗಂಡನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು.

ಸುವರ್ಣಾ ಹಿಂದಿನ ಕೋಣೆಯಿಂದ ನಿಚ್ಚಣಿಕೆಯನ್ನು ತಾನೇ ಎಳೆದು ತಂದು ಗೋಡೆಗೆ ಆನಿಸಿದಳು. ಇಬ್ರಾಹಿಂಸಾಬರು ಅವಳನ್ನೊಮ್ಮೆ, ಜೋತಾಡುವ ಇಲಿಯನ್ನೊಮ್ಮೆ ನೋಡಿದರು. ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟರು.

ಮೊಳೆ ಬಿಗಿಯಾಗಿದ್ದವು. ಹಲಗೆ ಕಿತ್ತಾಗ ಕೊಳೆತ ನಾತ ಮುಖಕ್ಕೆ ಹೊಡೆಯಿತು. ಒಳಗೆ ಮೂರಿದ್ದವು, ಇನ್ನೂ ಪುಕ್ಕ ಬರದ ಬೂದು ಮುದ್ದೆಗಳು. ಒಂದು ಅಲುಗಲಿಲ್ಲ. ಉಳಿದೆರಡು ಅವಳ ಕಡೆಗೆ ಬುಸ್ಸೆಂದು ಬಾಯಿ ತೆರೆದವು. ಅವಳು ಅಂಚಿನ ಇಲಿಯನ್ನು ಬಿಡಿಸಿ ಒಳಗೆ ತಳ್ಳಿದಳು. ಒಂದು ಮರಿ ತಿರುಗಿ ಹಿಂಭಾಗವನ್ನು ಕಿಂಡಿಗೆ ತಂದಿತು. ಬಿಳಿ ಧಾರೆ ಅವಳ ತೋಳನ್ನು ಸವರಿ, ಇನ್ನೂ ಹಸಿಯಿದ್ದ ಹಿನ್ನೀರಿನ ಮೇಲೆ ಇಳಿಯತೊಡಗಿತು.

ದೂರದಲ್ಲಿ ಜೀಪಿನ ಹಾರ್ನ್ ಕೇಳಿಸಿತು. ಅವಳು ಕೆಳಗೆ ನೋಡಲಿಲ್ಲ.

"ಏಳ, ಒಂದೀಟ ಹಿಂದ ಕೂಡು," ಇಬ್ರಾಹಿಂಸಾಬರು ಹೆಂಡತಿಗೆ ಹೇಳುತ್ತಿದ್ದರು. ಆಮೇಲೆ ಖುರ್ಚಿಗಳನ್ನು ಒಂದೊಂದಾಗಿ ಗೋಡೆಯಿಂದ ಹಿಂದಕ್ಕೆ ಎಳೆಯುವ ಸಪ್ಪಳ.