ಮೇಲಿನಿಂದ ಉದುರಿದ ಚಿಪ್ಪು

ಕಂಡದ್ದನ್ನು ಮರೆತು ಸುಮ್ಮನೆ ಥೀಸಿಸ್ ಕೊಡು ಎಂದು ಬೈಯಲಿ ಅಂತಲೇ ನಾನು ನನ್ನ ಗೈಡ್ ದೊರೆಸ್ವಾಮಿ ಸರ್ ಮನೆಗೆ, ಚಾಮರಾಜಪುರಂಗೆ ಹೋಗಿದ್ದು. ತಿಂಗಳ ಕೊನೆಯೊಳಗೆ ಕೊಡದಿದ್ದರೆ ನನ್ನ ಪಿಎಚ್‌.ಡಿ. ನೋಂದಣಿಯೇ ರದ್ದು. ಕೇಳಬಹುದಾದ ಗಡುವನ್ನೆಲ್ಲ ಕೇಳಿ ಮುಗಿಸಿದ್ದೆ.

ಕೆಲಸವೇನೋ ಹೇಳಲು ಸುಲಭ. ದೂರದೂರದಲ್ಲಿ ಕೊರೆದ ಎರಡು ಆಳವಾದ ಬಾವಿಗಳು. ಡೈನೋಸಾರುಗಳಿದ್ದ ಕ್ರಿಟೇಶಿಯಸ್ ಕಾಲದ ಒಂದು ಪದರ ಇಲ್ಲಿಂದ ಅಲ್ಲಿಗೆ ಹೇಗೆ ಹೋಗಿದೆ ಎಂದು ತೋರಿಸಬೇಕು. ನೆಲಕ್ಕೆ ಕಂಪನ ಕಳಿಸಿ ತೆಗೆದ ಚಿತ್ರದಲ್ಲಿ ಪದರಗಳು ಕಾಣುತ್ತವೆ. ಆದರೆ ನಡುವೆ ದೊಡ್ಡ ಬಿರುಕು, ಅಲ್ಲಿ ಪದರಗಳು ತುಂಡಾಗಿ ಜಾರಿವೆ. ಅದರಾಚೆ ಯಾವುದಕ್ಕೆ ಯಾವುದು ಜೋಡಿ ಎಂದು ಕಲ್ಲಾದ ಸೂಕ್ಷ್ಮ ಚಿಪ್ಪುಗಳೇ ಹೇಳಬೇಕು. ಎರಡೂ ಬಾವಿಗಳಲ್ಲಿ ನನಗೆ ಒಂದೇ ಜಾತಿಯ ಚಿಪ್ಪು ಸಿಕ್ಕಿತ್ತು. ಅದನ್ನು ನಂಬಿ ಸರ್ ಚಿತ್ರದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು; ಕಂಪ್ಯೂಟರಿನಲ್ಲಿ ಎಳೆಯಿರಿ ಎಂದರೆ ಕೇಳುವ ಜನವಲ್ಲ. ಇಡೀ ಥೀಸಿಸ್ ಆ ಗೆರೆಯ ಮೇಲೆ ನಿಂತಿತ್ತು.

ನಿನ್ನೆ ಮತ್ತೆ ಮೈಕ್ರೋಸ್ಕೋಪ್ ನೋಡುವ ಬುದ್ಧಿ ಯಾಕಾದರೂ ಬಂತೋ. ಎರಡನೇ ಬಾವಿಯ ಆ ಚಿಪ್ಪುಗಳು ಮಾತ್ರ ಬೆಳ್ಳಗಿದ್ದವು, ಜೊತೆಯವೆಲ್ಲ ಕಂದು. ಆಳದ ಬಿಸಿಗೆ ಚಿಪ್ಪು ಕಂದಾಗಲೇಬೇಕು; ಇವು ಅಷ್ಟು ಆಳದವೇ ಅಲ್ಲ. ಕೊರೆಯುವಾಗ ಮೇಲಿನ ಪದರದಿಂದ ಉದುರಿ ಕೆಳಗೆ ಸೇರಿಕೊಂಡಿದ್ದವು.

ಇಷ್ಟನ್ನೂ ಒಪ್ಪಿಸಿ, “ಯಾರೂ ಗಮನಿಸಲ್ಲ ಸರ್,” ಎಂದೂ ಸೇರಿಸಿದೆ.

“ನೀನು ಗಮನಿಸಿದ್ಯಲ್ಲಮ್ಮ ಗಾರ್ಗಿ,” ಎಂದರು. ಮುಖದಲ್ಲಿ ಖುಷಿ ಬೇರೆ. ನನಗೆ ಮೈಯೆಲ್ಲ ಉರಿಯಿತು.

“ಎಲ್ಲ ಮತ್ತೆ ಬರೆಯೋಷ್ಟರಲ್ಲಿ ರಿಜಿಸ್ಟ್ರೇಷನ್ ಹೋಗ್ಬುಡುತ್ತೆ ಸರ್. ಮನೇಲಿ ಏನಂತ ಹೇಳ್ಲಿ?”

“ಯೂನಿವರ್ಸಿಟೀಲಿ ಇನ್ನೊಂದು ಗಡುವು ನಾನೇ ಬಂದು ಕೇಳ್ತೀನಿ. ಆದ್ರೆ ಅವ್ರು ಒಪ್ಪಲ್ಲ ಕಣಮ್ಮ.”

ಊಟದ ಮೇಜಿನ ಮೇಲೆ ಚಿತ್ರ ಹಾಸಿ, ರಬ್ಬರ್ ಹಿಡಿದು ತಮ್ಮ ಗೆರೆಯನ್ನು ತಾವೇ ಅಳಿಸತೊಡಗಿದರು. ಅವರ ಹೆಸರಿನಲ್ಲೂ ಆ ಗೆರೆ ಅಚ್ಚಾಗಿತ್ತು, ನಿವೃತ್ತಿಗೆ ಮುಂಚಿನ ಕೊನೆಯ ಲೇಖನ. ಈ ಮನುಷ್ಯ ಕೆಟ್ಟವರಾದರೂ ಆಗಿದ್ದರೆ ಅವರನ್ನು ಬೈದುಕೊಂಡು ನಾನು ತಪ್ಪಿಸಿಕೊಳ್ಳಬಹುದಿತ್ತು.

ಪೆನ್ಸಿಲ್ ಕೊಟ್ಟು, “ಎಲ್ಲಿ ಹೋಗ್ಬೇಕು, ನೀನೇ ಎಳಿ,” ಎಂದರು.

ಗೊತ್ತಿಲ್ಲ ಎನ್ನಬಹುದಿತ್ತು. ಬಾಯಿಗೆ ಬರಲಿಲ್ಲ. ಬಿರುಕಿನಾಚೆ ಒಂದು ಪದರ ಮೇಲಕ್ಕೆ ಗೆರೆ ಎಳೆದೆ. ಎರಡೂ ಕಡೆಯ ಪದರಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡವು. ಇಷ್ಟು ವರ್ಷದಲ್ಲಿ ನಾನು ಮಾಡಿದ ಮೊದಲ ಸರಿಯಾದ ಕೆಲಸ ಅದು. ನನ್ನ ಡಾಕ್ಟರೇಟ್ ಕಳೆದದ್ದೂ ಅದೇ. ಅಳಿಸಲು ಮನಸ್ಸಾಗದೆ ಸರ್ ಎದುರಿಗೇ ಅತ್ತುಬಿಟ್ಟೆ.