ಬೆನ್ನ ಮೇಲಿನ ಚಿಟ್ಟೆ

ಕಪ್ಪು ಸೂಟು ತೊಟ್ಟರೆ ಮದುವೆಗೋ ಸಾವಿಗೋ ಹೊರಟ ಹಾಗೆ, ಬೂದು ಸೂಟು ತೊಟ್ಟರೆ ಮತ್ತೆ ಆಫೀಸಿಗೆ ಹೊರಟ ಹಾಗೆ. ಎರಡೂ ಬೇಡವೆಂದರೆ ಮೈಮೇಲಿರುವ ಈ ಹತ್ತಿಯಂಗಿ. ಇದರಲ್ಲಿ ಹೋದರೆ ಊಟದ ಹಾಲ್‌ನ ಬಾಗಿಲಲ್ಲೇ ತಡೆಯುತ್ತಾರೆ. ತಡೆಯಲಿ, ನಾಲ್ಕು ಮಾತು ಆಡಿಬಿಡಬಹುದು. ಆದರೆ ಇಲ್ಲಿಯವರು ತಡೆಯುವಾಗ ಬೈಯುವುದಿಲ್ಲ, ಸೊಂಟದವರೆಗೆ ಬಗ್ಗುತ್ತಾರೆ. ಬಗ್ಗಿದವರ ಮೇಲೆ ಕೂಗಾಡುವುದು ಹೇಗೆ? ಹೋಗದೇ ಇದ್ದುಬಿಟ್ಟರೆ?

ಕುರಾಮೊಚಿ ಸೆಯ್ಜಿ ಕೋಣೆಯ ಇಕ್ಕಟ್ಟು ಬೀರುವಿನ ಮುಂದೆ ಕಾಲು ಗಂಟೆಯಿಂದ ನಿಂತಿದ್ದ. ಹಡಗು ಯೊಕೊಹಾಮಾ ಬಿಟ್ಟು ಎರಡು ದಿನವಾಗಿತ್ತು. ಬೆಳಿಗ್ಗೆ ಬಾಗಿಲ ಸಂದಿಯಿಂದ ತೂರಿ ಬಂದ ಹಾಳೆಯಲ್ಲಿ ನಾಳೆ ಮುಟ್ಟುವ ನಾಹಾ ಬಂದರಿನ ಹವೆ, ಸ್ನಾನದ ಮನೆಯ ಹೊತ್ತು, ಎಲ್ಲದರ ಕೆಳಗೆ ಒಂದು ಸಾಲು: ಇಂದಿನ ಉಡುಪು, ಸಂಜೆ ಐದರಿಂದ, ಔಪಚಾರಿಕ, ಎಲ್ಲರ ಸಹಕಾರ ಕೋರುತ್ತೇವೆ.

ಆ ಸಹಕಾರ ಎಂಬ ಪದ ಅವನನ್ನು ಬೆಳಿಗ್ಗೆಯಿಂದ ಕುಟುಕುತ್ತಿತ್ತು. ತನ್ನೂರು ಮಿತೊದ ಪಂಪು ಕಂಪನಿಯಲ್ಲಿ ನಲವತ್ತಮೂರು ವರ್ಷ ಕೊರಳಿಗೆ ಟೈ ಬಿಗಿದುಕೊಂಡು ಅವನು ಸಹಕರಿಸಿದ್ದ. ನಿವೃತ್ತಿಯಾದ ದಿನ ಟೈಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಕಸ ಒಯ್ಯುವ ದಿನ ಹೊರಗಿಟ್ಟಿದ್ದ. ಹೆಂಡತಿ ಫುಮಿಯೆ ಅದರಿಂದ ಎರಡನ್ನು ಎತ್ತಿಟ್ಟುಕೊಂಡದ್ದು ಅವನಿಗೆ ಈ ಪ್ರಯಾಣದ ಪೆಟ್ಟಿಗೆ ಬಿಚ್ಚಿದಾಗಲೇ ಗೊತ್ತಾದದ್ದು. ಮಧ್ಯಾಹ್ನ ಕೆಳಗಿನ ಮಾಹಿತಿ ಕಟ್ಟೆಗೆ ಹೋಗಿ, ದುಡ್ಡು ಕೊಟ್ಟು ಉಣ್ಣುವವನು ಯಾರಿಗೆ ಮರ್ಯಾದೆ ತೋರಿಸಬೇಕು ಎಂದು ಕೇಳಿಯೂ ಬಂದಿದ್ದ. ಅಲ್ಲಿದ್ದ ಹುಡುಗಿ ಅವನ ಮಾತು ಮುಗಿಯುವವರೆಗೆ ಕಾದು, ಮೇಲಿನ ಅಂತಸ್ತಿನಲ್ಲಿ ಸಾದಾ ಊಟ ಸಿಗುತ್ತದೆ, ಬೇಕಾದರೆ ಕೋಣೆಗೇ ಕಳಿಸುತ್ತೇವೆ ಎಂದು ಬಗ್ಗಿದ್ದಳು. ಅವನ ಸಿಟ್ಟು ಇಳಿಯಲು ಜಾಗವಿಲ್ಲದೆ ಹಾಗೇ ಅವನ ಜೊತೆ ಮೆಟ್ಟಿಲು ಹತ್ತಿ ಬಂದಿತ್ತು.

ಫುಮಿಯೆ ಮಾತ್ರ ಈ ಸಂಜೆಗಾಗಿಯೇ ಹಡಗು ಹತ್ತಿದವಳ ಹಾಗಿದ್ದಳು. ಅತ್ತೆಯ ವರ್ಷದ ತಿಥಿ ಮುಗಿದ ವಾರವೇ ಪ್ರಯಾಣದ ಮಾತೆತ್ತಿದವಳು ಅವಳು. ಆರು ವರ್ಷ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಂಡವಳು, ಕೇಳಿದ್ದನ್ನು ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಈಗ ಅವಳು ಹಾಸಿಗೆಯ ಆಚೆ ಬದಿಯಲ್ಲಿ, ಕನ್ನಡಿಯ ಮುಂದೆ, ಅರ್ಧ ಗಂಟೆಯಿಂದ ಉಡುತ್ತಿದ್ದಳು. ರೇಷ್ಮೆ ಎಳೆಯುವ ಸದ್ದು, ನಡುಪಟ್ಟಿ ಬಿಗಿಯುವಾಗ ಅವಳ ಉಸಿರು, ಅಷ್ಟೇ.

ಅವಳು ತಿಳಿ ನೇರಳೆಯ ಕಿಮೊನೊ ತಂದಿರುವುದು ಅವನಿಗೆ ಗೊತ್ತಿತ್ತು. ಒಂದೇ ಬಣ್ಣದ ಬಟ್ಟೆ, ಹೂ ಇಲ್ಲ, ಬಳ್ಳಿ ಇಲ್ಲ. ಬೆನ್ನ ನಡುವೆ ಮನೆತನದ ಮುದ್ರೆ ಒಂದಿದ್ದರೆ ಅದು ಔಪಚಾರಿಕ. ಇಲ್ಲದಿದ್ದರೆ ಬರೀ ಚೆಂದದ ಬಟ್ಟೆ. ಆ ಒಂದು ಮುದ್ರೆಯೇ ಸಾಕು, ಹಾಳೆಯಲ್ಲಿ ಸಹಕಾರ ಕೋರಿದವರು ಅವಳನ್ನು ತಲೆಬಾಗಿ ಒಳಗೆ ಬಿಡಲು.

"ನೋಡ್ರೀ, ಹಿಂದೆ ಸರಿಯಾಗಿ ಕೂತಿದೆಯಾ?" ಎಂದು ಅವಳು ಬೆನ್ನು ತಿರುಗಿಸಿದಳು.

ಕುರಾಮೊಚಿ ಮನೆತನದ ಮುದ್ರೆ ಅಡ್ಡಡ್ಡ ಇಟ್ಟ ಗಿಡುಗದ ಎರಡು ಗರಿ. ಅದಿರಬೇಕಾದ ಜಾಗದಲ್ಲಿ ರೆಕ್ಕೆ ಮಡಚಿದ ಬಿಳಿಯ ಚಿಟ್ಟೆ ಕೂತಿತ್ತು. ಅದರ ಸುತ್ತ, ದೊಡ್ಡ ನಾಣ್ಯದಷ್ಟು ಅಗಲಕ್ಕೆ, ಬಟ್ಟೆ ಕಡುನೇರಳೆಯಾಗಿ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಉಳಿದ ಬೆನ್ನೆಲ್ಲ ಮೂವತ್ತೊಂಬತ್ತು ವರ್ಷ ಮಾಸಿತ್ತು. ಆ ವೃತ್ತದ ಅಂಚಿನಲ್ಲಿ ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು.

"ಮುದ್ರೆ ಏನಾಯ್ತು?" ಎಂದ ಸೆಯ್ಜಿ. ತನ್ನ ದನಿ ತನಗೇ ದೊಡ್ಡದಾಗಿ ಕೇಳಿತು.

ಬಿಚ್ಚಿದೆ ಎಂದಳು ಅವಳು. ತಿಥಿಯ ಮಾರನೇ ದಿನ, ಉಗುರು ಕತ್ತರಿಯಿಂದ, ಒಂದೊಂದೇ ಹೊಲಿಗೆ. ಗರಿಯ ತುಂಡನ್ನು ದೇವರ ಗೂಡಿನಲ್ಲಿ ಅತ್ತೆಯ ಪಟದ ಪಕ್ಕ ಇಟ್ಟಿದ್ದೇನೆ, ಅವರದು ಅವರಿಗೆ ಸೇರಲಿ ಎಂದಳು.

ಅವನು ಇದನ್ನುಟ್ಟು ನೂರಾರು ಜನರ ಮುಂದೆ ಹೋಗುವುದು ಸಾಧ್ಯವಿಲ್ಲ ಎಂದ. ಬಟ್ಟೆಯ ಮೇಲೆ ಗಾಯದ ಕಲೆಯ ಹಾಗೆ ಕಾಣುತ್ತದೆ ಎಂದ. ಬೇರೆ ತಂದಿಲ್ಲವೇ, ಹೂವಿನದು ಇತ್ತಲ್ಲ ಎಂದ. ಅವಳು ಕಿವಿಯ ಹಿಂದಿನ ಕೂದಲು ಒತ್ತಿಕೊಳ್ಳುತ್ತಿದ್ದಳು. ಕೊನೆಗೆ ಅವನು ಕುರ್ಚಿಯ ಮೇಲಿದ್ದ ಅವಳ ಶಾಲು ಎತ್ತಿ ಹಾಸಿಗೆಯ ಮೇಲೆ ಎಸೆದ.

"ಇದನ್ನ ಹೊದ್ಕೊ. ಯಾರಿಗೂ ಕಾಣಲ್ಲ."

ಫುಮಿಯೆ ಕನ್ನಡಿಯೊಳಗಿಂದಲೇ ಅವನನ್ನು ನೋಡಿದಳು. ಅವಳು ಒಸಾಕಾದ ಕಡೆಯವಳು. ಮಿತೊಗೆ ಸೊಸೆಯಾಗಿ ಬಂದ ಮೊದಲ ತಿಂಗಳಲ್ಲೇ ತವರಿನ ಮಾತನ್ನು ಮಡಚಿ ಒಳಗಿಟ್ಟಿದ್ದಳು. ಮೈಯೆಲ್ಲ ಸಿಟ್ಟಾದಾಗ ಮಾತ್ರ ಅದು ಹೊರಗೆ ಬರುತ್ತಿತ್ತು.

"ಶಾಲ್ ಹೊದ್ಕೊಂಡು ಊಟಕ್ಕ ಕೂಡು ಅಂತೀರೇನು? ನನಗೇನ್ ಥಂಡಿ ಆಗ್ಯಾದ? ಇದು ನಮ್ಮವ್ವಂದು. ಅಕೀಗೆ ಅಕೀ ಅವ್ವ ಕೊಟ್ಟದ್ದು. ನಿಮ್ಮವ್ವ ಇದರ ಮ್ಯಾಲ ಮಣ್ಣು ಮುಚ್ಚಿದಂಗ ಮುಚ್ಚಿದ್ರು. ಅವ್ರೂ ಹೋದ್ರು, ನಾನೂ ತಗದೆ. ನೀವು ಬರೂದಿದ್ರ ಬರ್ರಿ. ಇಲ್ಲಾಂದ್ರ ಒಬ್ಬಾಕೀನ ಹೋಗ್ತೀನಿ."

ಸತ್ತವಳ ಬಗ್ಗೆ ಹೀಗೆ ಮಾತಾಡುತ್ತೀಯಾ ಎನ್ನಲು ಅವನು ಬಾಯಿ ತೆರೆದ. ತೆರೆದದ್ದನ್ನು ಮುಚ್ಚಿ ಬೀರುವಿನ ಕಡೆ ತಿರುಗಿದ. ಯಾಕೆಂದರೆ ಆ ಗರಿಯನ್ನು ಹೊಲಿಸಿದ್ದು ಅಮ್ಮನಲ್ಲ.

ಒಸಾಕಾ ಕಡೆ ಹೆಂಗಸಿನ ಮುದ್ರೆ ತಾಯಿಯಿಂದ ಮಗಳಿಗೆ ಇಳಿಯುತ್ತದೆ, ಗಂಡನ ಮನೆಗೆ ಹೋದರೂ ಬದಲಾಗುವುದಿಲ್ಲ. ಮಿತೊದಲ್ಲಿ ಹಾಗಲ್ಲ, ಸೇರಿದ ಮನೆ ಯಾವುದೋ ಮುದ್ರೆಯೂ ಅದೇ. ಮದುವೆಯಾದ ವರ್ಷ, ಅವನ ಸೋದರಸಂಬಂಧಿಯ ಮದುವೆಯೂಟದಲ್ಲಿ ಫುಮಿಯೆ ಈ ನೇರಳೆಯನ್ನೇ ಉಟ್ಟಿದ್ದಳು. ಕುಡಿದು ಕೆಂಪಾಗಿದ್ದ ಕ್ಯೂಜೊ ದೊಡ್ಡಪ್ಪ ನೆಂಟರೆಲ್ಲರ ಎದುರು ಅವನ ಹೆಗಲಿಗೆ ಕೈ ಹಾಕಿದ್ದ. "ಏನೋ ಸೆಯ್ಜಿ, ನಿನ್ನ ಹೆಂಡ್ತಿ ಬೆನ್ನ ಮೇಲೆ ಯಾರದೋ ಮನೆ ಹೊತ್ಕೊಂಡು ಓಡಾಡ್ತಾಳಲ್ಲ. ನೀನೇನು ಅವರ ಮನೆ ಅಳಿಯನಾಗಿ ಹೋದ್ಯಾ?" ಸುತ್ತ ಕೂತವರು ನಕ್ಕಿದ್ದರು. ಸೆಯ್ಜಿಯೂ ನಕ್ಕಿದ್ದ. ಮುಂದಿನ ವಾರ ಫುಮಿಯೆ ತವರಿಗೆ ಹೋದಾಗ, ಆಫೀಸಿನಿಂದ ಎರಡು ಗಂಟೆ ಮೊದಲೇ ಮನೆಗೆ ಬಂದು, ಕಿಮೊನೊ ಇದ್ದ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಮುದ್ರೆ ಹಾಕುವವನ ಅಂಗಡಿಗೆ ಹೋಗಿದ್ದ. ಚಿಟ್ಟೆಯನ್ನು ಅಳಿಸಲು ಬರುವುದಿಲ್ಲ, ಮೇಲೊಂದು ತುಂಡು ಹೊಲಿಯಬಹುದು ಎಂದಿದ್ದ ಅಂಗಡಿಯವನು. ಹೊಲಿ ಎಂದಿದ್ದ ಸೆಯ್ಜಿ.

ಅದು ಫುಮಿಯೆಯ ಕಣ್ಣಿಗೆ ಬಿದ್ದದ್ದು ಚಳಿಗಾಲದ ಆರಂಭದಲ್ಲಿ. ಕಿಮೊನೊವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ಊಟದ ಮಣೆಯ ಹತ್ತಿರ ಬಂದು ನಿಂತಿದ್ದಳು. ಯಾರು ಮಾಡಿದ್ದು ಎಂದು ಅವಳು ಕೇಳಿದ್ದು ಯಾರನ್ನೂ ನೋಡದೆ. ಅವನು ಸೂಪಿನ ಬಟ್ಟಲೊಳಗೆ ಕಣ್ಣಿಟ್ಟಿದ್ದ. ಅಮ್ಮ ಒಂದು ಸಲ ಅವನ ಕಡೆ ನೋಡಿ, ಊಟದ ಕಡ್ಡಿಗಳನ್ನು ಕೆಳಗಿಟ್ಟು, "ನಾನೇ ಮಾಡಿಸ್ದೆ. ಬಂದ ಮನೆ ಗರಿ ಬೆನ್ನ ಮೇಲಿರ್ಲಿ ಅಂತ" ಎಂದಿದ್ದಳು. ಆಮೇಲೆ ಉಪ್ಪಿನಕಾಯಿ ಈ ಕಡೆ ಕೊಡು ಎಂದಿದ್ದಳು.

ಅಂದಿನಿಂದ ಫುಮಿಯೆ ಅವಳನ್ನು ಅತ್ತೆಯವರೇ ಎಂದಳೇ ಹೊರತು ಒಂದು ದಿನವೂ ಅಮ್ಮ ಎನ್ನಲಿಲ್ಲ. ಬಾಯಿಗೆ ಗಂಜಿ ಇಟ್ಟಳು, ಮೈ ಒರೆಸಿದಳು, ಬೆನ್ನ ಹುಣ್ಣಿಗೆ ಮುಲಾಮು ಸವರಿದಳು, ಎಲ್ಲವನ್ನೂ ಆಸ್ಪತ್ರೆಯ ದಾದಿಯಷ್ಟು ಚೊಕ್ಕಟವಾಗಿ. ಹೆಣ ಎತ್ತುವಾಗ ಅವಳ ಕಣ್ಣು ಒಣಗಿಯೇ ಇತ್ತು. ನೆಂಟರು ಅದನ್ನು ಗಮನಿಸಿದ್ದರು. ಆಗಲೂ ಸೆಯ್ಜಿಗೆ ಸಿಟ್ಟು ಬಂದಿತ್ತು, ಅವಳ ಮೇಲೆ.

ಅವನು ಕಪ್ಪು ಸೂಟನ್ನೇ ಎಳೆದು ತೊಟ್ಟ. ಟೈ ಎರಡು ಸಲ ತಪ್ಪು ಗಂಟಾಯಿತು. ಫುಮಿಯೆ ಬಾಗಿಲ ಬಳಿ ಕಾದಿದ್ದಳು, ಕಟ್ಟಿಕೊಡಲು ಬರಲಿಲ್ಲ.

ಸಂಜೆ ಐದೂವರೆಯ ಮೊದಲ ಪಂಕ್ತಿ. ಊಟದ ಹಾಲ್‌ನ ಉದ್ದದ ಕಿಟಕಿಗಳಲ್ಲಿ ಇನ್ನೂ ಬಿಸಿಲಿತ್ತು. ಮೇಜುಗಳ ನಡುವೆ ದಾಟುವಾಗ ಅವನು ಅವಳ ಹಿಂದೆಯೇ, ಒಂದು ಹೆಜ್ಜೆಯ ಅಂತರದಲ್ಲಿ, ಅವಳ ಬೆನ್ನಿಗೆ ಅಡ್ಡವಾಗಿ ನಡೆದ. ನಾಲ್ವರ ಮೇಜಿನಲ್ಲಿ ಅವರಿಗೆ ಜೊತೆಯಾದವರು ಒಸಾಕಾ ಪಕ್ಕದ ವಾಕಾಯಾಮಾದ ನಿಶಿವಾಕಿ ದಂಪತಿ. ಗಂಡ ಹಲ್ಲಿನ ವೈದ್ಯನಾಗಿದ್ದು ನಿವೃತ್ತನಾದವನು, ಹೆಂಡತಿ ಗುಂಡುಮುಖದ ಮಾತುಗಾತಿ. ಫುಮಿಯೆ ಕೂರುವ ಮುನ್ನ ಕುರ್ಚಿ ಸರಿಸಲು ತಿರುಗಿದ್ದೇ ಸಾಕಾಯಿತು.

"ಅಯ್ಯ, ಹೆಣ್ಮಕ್ಕಳ ಮುದ್ರಿ ಅಲ್ಲೇನ್ರಿ ಇದು?" ಎಂದಳು ಶ್ರೀಮತಿ ನಿಶಿವಾಕಿ. "ನಮ್ಮ ಕಡೀದು. ಈಗಿನೋರು ಯಾರ್ ಹಾಕ್ತಾರ್ರಿ. ನೋಡಿ ಎಷ್ಟ್ ದಿನಾ ಆತು."

ಫುಮಿಯೆಯ ಮುಖ ಅರಳಿತು. ಮೂವತ್ತೊಂಬತ್ತು ವರ್ಷದಲ್ಲಿ ಆ ಮುಖವನ್ನು ಎಲ್ಲಿ ಇಟ್ಟಿದ್ದಳೋ, ಸೆಯ್ಜಿ ಅದನ್ನು ಮರೆತೇಬಿಟ್ಟಿದ್ದ. ಸಿಟ್ಟಿಲ್ಲದೆಯೂ ಅವಳ ತವರಿನ ಮಾತು ಹರಿದುಬಂತು. ಸೂಪು ಮುಗಿಯುವಷ್ಟರಲ್ಲಿ ಇಬ್ಬರು ಹೆಂಗಸರೂ ಒಬ್ಬರ ತಾಯಿಯ ಊರನ್ನು ಇನ್ನೊಬ್ಬರು ತಿಳಿದುಕೊಂಡಿದ್ದರು. ಸುತ್ತಲಿನ ಕಡುನೇರಳೆ ಯಾಕೆ ಎಂದು ನಿಶಿವಾಕಿಯ ಹೆಂಡತಿ ಕೇಳಿದಳು. ಫುಮಿಯೆ ಹೇಳತೊಡಗಿದಳು.

ಚೆನ್ನಾಗಿಯೇ ಹೇಳಿದಳು. ಅತ್ತೆ ಕಡ್ಡಿ ಕೆಳಗಿಟ್ಟ ರೀತಿ, ದನಿಯನ್ನು ಮೂಗಿಗೆ ತಂದು ಗರಿ ಇರಲಿ ಎಂದ ರೀತಿ, ಕೊನೆಗೆ ಉಪ್ಪಿನಕಾಯಿ. ಉಪ್ಪಿನಕಾಯಿಗೆ ಬಂದಾಗ ನಿಶಿವಾಕಿ ದಂಪತಿ ಕಣ್ಣೊರೆಸಿಕೊಂಡು ನಕ್ಕರು. ಫುಮಿಯೆಯೂ ನಕ್ಕಳು. ಸೆಯ್ಜಿ ಬ್ರೆಡ್ಡನ್ನು ಚೂರು ಚೂರು ಮಾಡುತ್ತಿದ್ದ. ಅಮ್ಮನನ್ನು ನೋಡದ ಇಬ್ಬರು, ಅವಳ ಮೂಗಿನ ದನಿಗೆ ನಗುತ್ತಿದ್ದಾರೆ. ಎದ್ದು ಮೇಜನ್ನು ಗುದ್ದಬೇಕೆನಿಸಿತು. ಹಲ್ಲಿನ ವೈದ್ಯನ ಬಾಯೊಳಗಿನ ಆ ಸಾಲು ಸಾಲು ಸರಿಯಾದ ಹಲ್ಲುಗಳನ್ನು ಕಂಡರಾಗಲಿಲ್ಲ. ಗುದ್ದಿ, ಏನು ಹೇಳುವುದು? ಹೇಳಲು ಇದ್ದದ್ದು ಒಂದೇ ಮಾತು. ಅದನ್ನು ಹೇಳಿದರೆ ಅಮ್ಮ ಈ ಮೇಜಿನಿಂದ ಎದ್ದು ಮರ್ಯಾದೆಯಿಂದ ಹೋಗಬಹುದು. ಆಮೇಲೆ ಇಲ್ಲಿ ಕೂರಬೇಕಾದವನು ತಾನು.

"ಆವಾಗ ನೀವೆಲ್ಲಿದ್ರಿ, ಕುರಾಮೊಚಿಯವ್ರ?" ಎಂದ ವೈದ್ಯ, ನಗು ಇನ್ನೂ ಇಳಿಯದೆ. "ಅಡಿಗಿಮನ್ಯಾಗ ಅಡಗಿ ಕುಂತಿದ್ರೇನು?"

ಮೂವರೂ ಅವನ ಕಡೆ ತಿರುಗಿದರು. ಅವನ ನಾಲಿಗೆ ಮೇಲೆದ್ದಿತು. ನಾನು, ಎಂದ, ಅಥವಾ ಅಂದೆನೆಂದುಕೊಂಡ.

ಫುಮಿಯೆ ಅವನ ತೋಳಿನ ಮೇಲೆ ಕೈ ಇಟ್ಟಳು. ಅದು ಬೆಚ್ಚಗಿತ್ತು. ಕೋಣೆಯಲ್ಲಿ ಆದದ್ದನ್ನು ಅವಳು ಆಗಲೇ ಮನಸ್ಸಿನಿಂದ ಬಿಟ್ಟಿದ್ದಳು.

"ಅವ್ರನ್ಯಾಕ ಕಾಡ್ತೀರಿ," ಎಂದಳು. "ಪಾಪ, ಅವ್ರಿಗೇನೂ ಗೊತ್ತಿದ್ದಿಲ್ಲ. ಗೊತ್ತಿದ್ರ ಬಿಡ್ತಿದ್ದಿಲ್ಲ."

ನಿಶಿವಾಕಿಯ ಹೆಂಡತಿ ಹೌದೌದು, ಗಂಡಸರಿಗೆ ಇಂಥವು ಕಾಣುವುದೇ ಇಲ್ಲ ಎಂದು ತನ್ನ ಗಂಡನ ಕಥೆಗೆ ಹೊರಳಿದಳು. ಅಷ್ಟರಲ್ಲಿ ಮೀನು ಬಂತು. ಬಡಿಸುವವನು ತಟ್ಟೆಯನ್ನು ಸೆಯ್ಜಿಯ ಮುಂದಿಟ್ಟು ಹಿಂದೆ ಸರಿಯುವ ಮೊದಲೇ ಅವನು, ಇದು ಆರಿಹೋಗಿದೆ, ಆರಿದ ಮೀನನ್ನು ಮನುಷ್ಯರು ತಿನ್ನುತ್ತಾರೆಯೇ, ಸೂಟು ಹಾಕಿಸಿ ಕೂರಿಸಿ ಕೊಡುವುದು ಇದನ್ನೇ ಎಂದು ಪಕ್ಕದ ಮೇಜಿನವರಿಗೂ ಕೇಳುವ ಹಾಗೆ ಹರಿಹಾಯ್ದ. ಮೀನಿನಿಂದ ಹಬೆ ಏಳುತ್ತಿತ್ತು. ಬಡಿಸುವವನು ಹಬೆಯನ್ನು ನೋಡಿದ, ಬಗ್ಗಿ ತಟ್ಟೆ ಎತ್ತಿಕೊಂಡ. ಫುಮಿಯೆಯ ಕೈ ತೋಳಿನಿಂದ ಮೆಲ್ಲಗೆ ಸರಿಯಿತು. ಎಲ್ಲರ ಮುಂದೆಯೂ ಊಟವಿತ್ತು, ಅವನ ಮುಂದೆ ಇಸ್ತ್ರಿಯ ಗೆರೆ ಮೂಡಿದ ಬಿಳಿಯ ಬಟ್ಟೆಯಷ್ಟೇ. ಕಿಟಕಿಯಾಚೆ ಹೆಸರು ಗೊತ್ತಿಲ್ಲದ ಒಂದು ದ್ವೀಪ ನಿಧಾನವಾಗಿ ಹಿಂದೆ ಸರಿಯುತ್ತಿತ್ತು.

ಕಿಮೊನೊ ಪೆಟ್ಟಿಗೆ ಎತ್ತಿಕೊಂಡು ಮುದ್ರೆಯ ಅಂಗಡಿಗೆ ಹೊರಟ ಆ ಸಂಜೆ ಅಮ್ಮ ಹೊಸಿಲಲ್ಲಿ ಅಡ್ಡ ನಿಂತು, ಎಷ್ಟು ಚೆಂದದ ಚಿಟ್ಟೆ, ಇರಲಿ ಬಿಡೋ ಎಂದಿದ್ದಳೆಂಬುದನ್ನು ಅವನು ಆ ಮೇಜಿನಲ್ಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.