ಸಾಕು ಎನ್ನುವ ನಿಷ್ಠೆ

“ತಟ್ಟೇಲಿ ಊಟ ಉಳಿದ್ರೆ ಹಾಗೇ ಬಿಟ್ಟು ಏಳ್ತೀರಾ?” ಎಂದು ಮಾಲವಿಕಾ ಕೇಳಿದರು.

“ಇಲ್ಲ ಮೇಡಂ. ಏಳಲ್ಲ.”

ರಾಜಾಜಿನಗರದ ಸರ್ಕಾರಿ ಆಸ್ಪತ್ರೆಯಲ್ಲಿ, ಜಠರವನ್ನು ಕಿರಿದುಗೊಳಿಸಿ ತೂಕವನ್ನು ಇಳಿಸುವ ಶಸ್ತ್ರಚಿಕಿತ್ಸೆಗಾಗಿ ಬರುವವರ ಮನಸ್ಸನ್ನೂ ಊಟದ ರೂಢಿಯನ್ನೂ ಪರೀಕ್ಷಿಸುವ ಹೊಣೆ ಆಕೆಯದು. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿ ನೋಡಿದ್ದರು. ಎದುರಿಗೆ ಎರಡು ಕುರ್ಚಿಗಳನ್ನು ಜೋಡಿಸಿಕೊಂಡು ಕುಳಿತಿದ್ದ ಶಂಭುಲಿಂಗಪ್ಪನವರ ಉತ್ತರ ಮಾತ್ರ ಬದಲಾಗಿರಲಿಲ್ಲ.

“ಆಪರೇಷನ್ ಆದ್ಮೇಲೆ ನಿಮ್ಮ ಹೊಟ್ಟೆ ಒಂದು ಬಾಳೆಹಣ್ಣಿನಷ್ಟು ಇರುತ್ತೆ. ಅದರ ಮೇಲೆ ತುರುಕಿದ್ರೆ ವಾಂತಿ. ಶುರುವಿನಲ್ಲಿ ಹೊಲಿಗೆ ಏನಾದ್ರೂ ಬಿಟ್ಕೊಂಡ್ರೆ ಪ್ರಾಣಕ್ಕೇ ಅಪಾಯ. ಗೊತ್ತಲ್ವಾ?”

“ಗೊತ್ತು.”

“ಗೊತ್ತಿದ್ದೂ ಬಿಡಲ್ಲ ಅಂತೀರಾ?”

“ಪ್ರಸಾದ ಬಿಡೋ ಪದ್ಧತಿ ನಮ್ಮಲ್ಲಿಲ್ಲ ಮೇಡಂ. ತಟ್ಟೆ ತೊಳೆದ ನೀರನ್ನೂ ಕುಡೀತೀವಿ.”

“ಊಟ ಆಗಿ ಅರ್ಧ ಗಂಟೆ ನೀರೂ ಕುಡಿಯೋ ಹಾಗಿಲ್ಲ ಸಾರ್.” ಮಾಲವಿಕಾ ಲೇಖನಿಯನ್ನು ಕೆಳಗಿಟ್ಟರು. “ನೋಡಿ, ಇದು ಸರ್ಕಾರದ ಖರ್ಚಿನಲ್ಲಿ ಮಾಡೋದು. ಕಾಯ್ತಾ ಇರೋರು ಬಹಳ. ಹೇಳಿದ್ದು ಪಾಲಿಸ್ತೀನಿ ಅನ್ನೋರನ್ನ ಬಿಟ್ಟು ನಿಮ್ಮ ಹೆಸರನ್ನ ಡಾಕ್ಟರುಗಳ ಬೋರ್ಡಿಗೆ ಹೇಗೆ ಕಳಿಸ್ಲಿ? ಯೋಚನೆ ಮಾಡಿ ಬನ್ನಿ.”

ಹೊರಗಿನ ಬೆಂಚಿನ ಮೇಲೆ, ಅದೇ ಚಿಕಿತ್ಸೆಗಾಗಿ ಬಂದಿದ್ದ ಕೆಂಗೇರಿಯ ರವಿಕುಮಾರ್ ಬಾಗಿಲಿನಾಚೆಯ ಮಾತನ್ನೆಲ್ಲ ಕೇಳಿಸಿಕೊಂಡಿದ್ದ. “ಏನ್ ಸಾರ್ ನೀವು. ಬಿಡ್ತೀನಿ ಅಂದ್ಬಿಡಿ. ಅವರೇನ್ ನಿಮ್ಮನೆಗೆ ಬಂದು ತಟ್ಟೆ ನೋಡ್ತಾರಾ? ನಂಗೆ, ದಿನಾ ವಾಕಿಂಗ್ ಮಾಡ್ತೀರಾ ಅಂದ್ರು. ರಾಮನಗರದವರೆಗೂ ನಡೀತೀನಿ ಅಂದೆ.”

“ಸುಳ್ಳು ಹೇಳಿ ಪಡೆದ ಹೊಟ್ಟೇಲಿ ಪ್ರಸಾದ ಹೇಗಪ್ಪಾ ಇಡ್ಲಿ?” ಎಂದು ಶಂಭುಲಿಂಗಪ್ಪನವರು ನಕ್ಕು, ಮೊಳಕಾಲನ್ನು ಒತ್ತಿಕೊಳ್ಳುತ್ತ ಮೆಟ್ಟಿಲಿಳಿದರು.

ನಗು ನಿಜವಾದದ್ದೇ, ಆದರೆ ಅಗತ್ಯವೂ ಅಷ್ಟೇ ನಿಜವಾಗಿತ್ತು. ಸಾರಿಗೆ ಡಿಪೋ ಒಂದರ ಉಗ್ರಾಣ ನೋಡಿಕೊಳ್ಳುವ ಅವರ ತೂಕ ನೂರಮೂವತ್ತು ಕಿಲೋ ದಾಟಿತ್ತು. ಮಧುಮೇಹಕ್ಕೆ ಇನ್ಸುಲಿನ್, ರಕ್ತದೊತ್ತಡಕ್ಕೆ ಮಾತ್ರೆ, ನಿದ್ರೆಯಲ್ಲಿ ಉಸಿರು ಕಟ್ಟದಿರಲೆಂದು ಮುಖಕ್ಕೆ ಯಂತ್ರದ ಮಾಸ್ಕ್. ತರ್ಕಶಾಸ್ತ್ರದಲ್ಲಿ ಚಕ್ರಕವೆಂಬ ದೋಷವನ್ನು ಹೇಳಿದ್ದಾರೆ: ಒಂದು ಇನ್ನೊಂದನ್ನು ಆಶ್ರಯಿಸಿ, ಅದು ಮತ್ತೊಂದನ್ನು ಆಶ್ರಯಿಸಿ, ಕಡೆಗೆ ಮೊದಲಿನದಕ್ಕೇ ಬಂದು ನಿಲ್ಲುವುದು. ಅವರ ದೇಹದಲ್ಲಿ ಆ ದೋಷ ಮೂರ್ತಿಮತ್ತಾಗಿತ್ತು. ಇನ್ಸುಲಿನ್ ಏರಿದಂತೆ ಹಸಿವು ಏರುವುದು, ಹಸಿವು ಏರಿದಂತೆ ತೂಕ, ತೂಕ ಏರಿದಂತೆ ಮರಳಿ ಇನ್ಸುಲಿನ್. ಈ ಚಕ್ರವನ್ನು ಕತ್ತರಿಸಲು ಉಳಿದಿರುವ ಉಪಾಯ ಶಸ್ತ್ರವೊಂದೇ ಎಂದು ಶಸ್ತ್ರವೈದ್ಯ ಉದಯಕುಮಾರ್ ಸ್ಪಷ್ಟವಾಗಿ ಹೇಳಿದ್ದರು. ಖಾಸಗಿ ಆಸ್ಪತ್ರೆಯಲ್ಲಿ ಅದನ್ನು ಮಾಡಿಸುವ ಶಕ್ತಿ ಶಂಭುಲಿಂಗಪ್ಪನವರಿಗಿರಲಿಲ್ಲ. ಬೋರ್ಡು ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ.

ಆ ಸಂಜೆ ಬಸವೇಶ್ವರನಗರದ ಮನೆಯಲ್ಲಿ ನಡೆದದ್ದನ್ನು ಹೆಂಡತಿ ಚೇತನಾಳಿಗೆ ವಿವರಿಸಿದರು. ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ತಟ್ಟೆ ಖಾಲಿ ಮಾಡೋದು ನಿಮ್ಮ ನಿಷ್ಠೆ. ಒಪ್ಪಿದೆ. ತುಂಬಿಸ್ಕೊಳ್ಳೋದು ಯಾರ ನಿಷ್ಠೆ?”

“ದಾಸೋಹದಲ್ಲಿ ಪ್ರೀತಿಯಿಂದ ಬಡಿಸ್ತಾರೆ ಕಣೇ. ಬೇಡ ಅನ್ನೋಕಾಗುತ್ತಾ?”

“ಹೂಂ, ಆಗಲ್ಲ ಪಾಪ. ‘ನಮ್ಮ ಶಂಭುಲಿಂಗಪ್ಪ ಉಂಡ್ರೇನೇ ಪಂಕ್ತಿಗೆ ಕಳೆ’ ಅಂತ ಒಬ್ರು ಅಂದ್ಬಿಟ್ರೆ ಇನ್ನೆರಡು ಸೌಟು ಒಳಗೆ ಹೋಗುತ್ತಲ್ಲ. ಅದು ಪ್ರಸಾದಕ್ಕಲ್ಲ, ಹೊಗಳಿಕೆಗೆ.”

ಆ ಮಾತು ಶಂಭುಲಿಂಗಪ್ಪನವರ ಒಳಗಿಳಿಯಿತು. ಲಿಂಗಕ್ಕೆ ಅರ್ಪಿತವಾಗುವ ಮೊದಲು ಅನ್ನವು ಬರಿಯ ಪದಾರ್ಥ. ಅರ್ಪಿತವಾದ ಬಳಿಕ ಅದು ಪ್ರಸಾದ. ಪ್ರಸಾದವನ್ನು ಬಿಡುವ ಅಧಿಕಾರ ಭಕ್ತನಿಗಿಲ್ಲ. ಆದರೆ ಪದಾರ್ಥವನ್ನು ಎಷ್ಟು ಸ್ವೀಕರಿಸಬೇಕೆಂಬ ವಿವೇಕವನ್ನು ಹಿರಿಯರು ಅವನಿಂದ ಕಿತ್ತುಕೊಂಡವರೇ ಅಲ್ಲ. ಸೌಟು ತಟ್ಟೆಗೆ ಬಾಗುವ ಮುನ್ನಿನ ಆ ಕ್ಷಣ ಸಂಪೂರ್ಣವಾಗಿ ತನ್ನದು. ಇಷ್ಟು ವರ್ಷಗಳ ಪಂಕ್ತಿಗಳಲ್ಲಿ ಆ ಕ್ಷಣದಲ್ಲಿ ತಾನು ಬಾಯಿ ತೆರೆದದ್ದೇ ಇಲ್ಲವೆಂಬುದು ಅವರಿಗೆ ತಿಳಿಯಿತು. ತಿಳಿದಾಗ ದುಃಖವಾಗಲಿಲ್ಲ, ದಾರಿ ಕಂಡವನ ಹಗುರವೇ ಆಯಿತು.

ಮರುದಿನವೇ ಆಸ್ಪತ್ರೆಗೆ ಹೋಗಿ ಹೇಳಿದರು: “ಮೇಡಂ, ನಾನು ಪ್ರಸಾದ ಬಿಡಲ್ಲ. ಅದು ಉಳಿಯದ ಹಾಗೆ ಹಾಕಿಸ್ಕೋತೀನಿ. ಮನೇಲಿ ಸುಲಭ. ಕಷ್ಟ ಇರೋದು ದಾಸೋಹದ ಮನೇಲಿ. ಭಾನುವಾರ ಹೇರೋಹಳ್ಳಿಗೆ ಬಂದು ನೀವೇ ನೋಡಿ.”

“ಪೇಷೆಂಟ್ ಊಟ ಮಾಡೋದನ್ನ ನೋಡೋಕೆ ನಾನು ಯಾವತ್ತೂ ಹೋಗಿಲ್ಲ ಸಾರ್.”

“ನೋಡೋಕೆ ಬರಬೇಡಿ. ಊಟಕ್ಕೆ ಬನ್ನಿ.”

ಮಾಲವಿಕಾರ ಮನೆ ಅನ್ನಪೂರ್ಣೇಶ್ವರಿ ನಗರದಲ್ಲಿ, ಹೇರೋಹಳ್ಳಿ ದೂರವಲ್ಲ. ಹೊಂಡಗಳನ್ನು ತಪ್ಪಿಸಿಕೊಂಡು ಸ್ಕೂಟರಿನಲ್ಲಿ ಬಂದು, ಭಾನುವಾರದ ಮಧ್ಯಾಹ್ನ ಅವರು ದಾಸೋಹದ ಪಂಕ್ತಿಯಲ್ಲಿ ಶಂಭುಲಿಂಗಪ್ಪನವರ ಪಕ್ಕಕ್ಕೆ ಕುಳಿತರು. ನೆಲದ ಮೇಲೆ ಕೂರಲಾಗದ ಶಂಭುಲಿಂಗಪ್ಪನವರಿಗೆ ಗೋಡೆಯ ಬದಿಯಲ್ಲಿ ಎತ್ತರದ ಮಣೆಯೊಂದಿತ್ತು.

ಬಡಿಸುತ್ತಿದ್ದವಳು ಲಕ್ಷ್ಮವ್ವ. ಕೆಲಸ ಹುಡುಕಿಕೊಂಡು ರಾಯಚೂರಿನ ಕಡೆಯಿಂದ ಬಂದು, ಕಡೆಗೆ ಈ ಅಡುಗೆಮನೆಯನ್ನೇ ತನ್ನದಾಗಿಸಿಕೊಂಡ ಹೆಂಗಸು. ಅನ್ನದ ಬುಟ್ಟಿಯೊಡನೆ ಎದುರು ನಿಂತಳು. ಒಂದು ಸೌಟು ಬಿದ್ದೊಡನೆ ಶಂಭುಲಿಂಗಪ್ಪನವರು ತಟ್ಟೆಯ ಮೇಲೆ ಅಂಗೈ ಹಿಡಿದರು.

“ಸಾಕು ಲಕ್ಷ್ಮವ್ವ.”

“ಏನ್ ಸಾಕ್ರಿ? ಗುಬ್ಬಿಗೆ ಹಾಕೀನೇನು? ಕೈ ತೆಗೀರಿ.”

“ಸಾಕು.”

“ಕೈ ತೆಗೀಲಿಲ್ಲಂದ್ರ ಕೈ ಮ್ಯಾಲೇ ಸಾರು ಹೊಯ್ತೀನಿ ನೋಡ್ರಿ. ಬಾಜೂಕ ಮೇಡಮ್ಮಾರು ಕುಂತಾರಂತ ನಾಚಿಕಿ ಏನು?”

ಪಂಕ್ತಿಯೆಲ್ಲ ನಕ್ಕಿತು. “ಅಣ್ಣಂಗೆ ಹುಷಾರಿಲ್ವಾ?” ಎಂದು ಯಾರೋ ಕೇಳಿದರು. ಶಂಭುಲಿಂಗಪ್ಪನವರೂ ನಕ್ಕರು, ಅಂಗೈ ಮಾತ್ರ ಕದಲಲಿಲ್ಲ. ಲಕ್ಷ್ಮವ್ವ ಗೊಣಗುತ್ತ ಮುಂದೆ ಸರಿದಳು. ಅವರು ಎದೆಯ ಲಿಂಗಕ್ಕೆ ತಟ್ಟೆಯನ್ನು ಅರ್ಪಿಸಿ, ಒಂದೊಂದು ತುತ್ತನ್ನೂ ಚೆನ್ನಾಗಿ ಅಗಿದು ಉಣ್ಣತೊಡಗಿದರು.

ಗಂಡಾಂತರ ಬಂದದ್ದು ಅನಂತರ. ಮಾಲವಿಕಾರ ಯಾವುದೋ ಪ್ರಶ್ನೆಗೆ ಉತ್ತರಿಸಲೆಂದು ಅವರು ಅತ್ತ ಹೊರಳಿದ್ದರಷ್ಟೆ. ಇತ್ತ ಲಕ್ಷ್ಮವ್ವ ಬಗ್ಗಿ, ಗೋಧಿ ಹುಗ್ಗಿಯ ತುಂಬು ಸೌಟನ್ನು ತಟ್ಟೆಯ ನಡುವಿಗೆ ಸುರಿದುಬಿಟ್ಟಳು.

“ಹುಗ್ಗಿಗೆ ಇಲ್ಲ ಅನ್ನಬಾರದ್ರಿ,” ಎಂದು ಗೆದ್ದವಳಂತೆ ನಿಂತಳು.

ಬೆಲ್ಲ, ತುಪ್ಪ, ಗಸಗಸೆ. ಮಾಲವಿಕಾರ ಕೈ ತುತ್ತಿನೊಡನೆ ಹಾಗೆಯೇ ನಿಂತಿತು. ಹುಗ್ಗಿ ಈಗ ಪ್ರಸಾದದೊಡನೆ ಬೆರೆತಿದೆ: ಉಂಡರೆ ಆಕೆಗೆ ಕೊಟ್ಟ ಮಾತು ಕೆಡುವುದು, ಬಿಟ್ಟರೆ ವ್ರತ ಕೆಡುವುದು. ಶಂಭುಲಿಂಗಪ್ಪನವರು ತಟ್ಟೆಯನ್ನು ಒಮ್ಮೆ ನೋಡಿ, ಅವಳ ಮುಖವನ್ನು ನೋಡಿದರು.

“ಲಕ್ಷ್ಮವ್ವ, ನಿನ್ನ ಊಟ ಆಯ್ತಾ?”

“ಎಲ್ಲಾರದೂ ಆದ ಮ್ಯಾಲೆ ನಂದು. ನಿಮಗ ಗೊತ್ತಿಲ್ಲೇನು?”

“ಪ್ರಸಾದಕ್ಕೆ ಎಂಜಲು ಉಂಟಾ?”

“ಎಲ್ಲಿ ಎಂಜಲ್ರಿ ಪ್ರಸಾದಕ್ಕ? ಇಲ್ಲ.”

“ಹಾಗಾದ್ರೆ ಸೌಟು ಆ ಹುಡುಗರ ಕೈಗೆ ಕೊಟ್ಟು ಒಂದು ತಟ್ಟೆ ತಗೊಂಡು ಬಾ. ಕೂತ್ಕೋ. ಇದು ನಿನ್ನ ಪಾಲು. ನನಗೆ ಸಕ್ಕರೆ ಕಾಯಿಲೆ, ಹೊಟ್ಟೆ ಆಪರೇಷನ್ ಮಾಡಿಸ್ಕೋಬೇಕು. ನೀನು ಹೀಗೆ ಸುರಿದ್ರೆ ಮಾಡಲ್ವಂತೆ. ನನಗೆ ಅದು ಬೇಕು ತಾಯಿ.”

ಲಕ್ಷ್ಮವ್ವ ಸೌಟನ್ನು ಹುಡುಗರ ಕೈಗಿತ್ತಳು. “ಮೊದಲ ಹೇಳಬಾರದಿತ್ತೇನ್ರಿ? ನಾ ಏನ್ ವೈರಿ ಏನು?” ಎಂದು ತಟ್ಟೆ ತಂದು ಪಕ್ಕದಲ್ಲೇ ಕುಳಿತಳು. ಅವರು ಹುಗ್ಗಿಯನ್ನೆಲ್ಲ ಅವಳ ತಟ್ಟೆಗೆ ಸರಿಸಿದರು. ಮೊದಲ ತುತ್ತು ಬಾಯಿಗಿಟ್ಟುಕೊಂಡು ಅವಳೆಂದಳು: “ಬೆಲ್ಲ ಕಡಿಮಿ ಆಗೇತಿ. ಒಬ್ಬರೂ ಹೇಳಲಿಲ್ಲ ನೋಡ್ರಿ.”

ಪಂಕ್ತಿ ಎದ್ದಿತು, ಮುಂದಿನ ಪಂಕ್ತಿಯವರು ಬಂದು ಕುಳಿತರು. ಶಂಭುಲಿಂಗಪ್ಪನವರು ಕೈ ತೊಳೆದು ಬಂದರೂ ತಟ್ಟೆಯನ್ನು ತೊಳೆಯದೆ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕಂಬದ ಬಳಿಯ ಕುರ್ಚಿಯಲ್ಲಿ ಕುಳಿತಿದ್ದರು. ಅರ್ಧ ಗಂಟೆ ಕಳೆದ ಮೇಲೆ ಅದಕ್ಕೆ ನೀರೆರೆದು, ಬೆರಳಿನಿಂದ ಬಳಿದು, ಗುಟುಕು ಗುಟುಕಾಗಿ ಕುಡಿದರು.

ಸ್ಕೂಟರಿನ ಬಳಿ ಮಾಲವಿಕಾ ಹೇಳಿದರು: “ಇವತ್ತು ನಾನಿದ್ದೆ ಸಾರ್. ನಾಳೆ?”

“ಇವತ್ತು ನೀವಿದ್ರಿ. ದಿನಾ ಇವನಿರ್ತಾನೆ,” ಎಂದು ಅವರು ಎದೆಯನ್ನು ಮುಟ್ಟಿಕೊಂಡರು.

“ಅವರ ಹತ್ರ ರಿಪೋರ್ಟ್ ಕೇಳೋಕಾಗಲ್ಲವಲ್ಲ. ನಿಮ್ಮ ಸಕ್ಕರೇನೇ ಕೇಳ್ತೀನಿ. ಹೀಗೇ ನಡೆಸಿ. ಅದು ಇಳಿದಿದ್ರೆ ನಿಮ್ಮ ಹೆಸರು ನಾನೇ ಬೋರ್ಡಿಗೆ ಕೊಡ್ತೀನಿ.”

ಸಕ್ಕರೆ ಇಳಿಯಿತು. ಸಂಕ್ರಾಂತಿ ಕಳೆದು ಬೋರ್ಡು ಸೇರಿದಾಗ ಇನ್ಸುಲಿನ್ ಪ್ರಮಾಣ ಮೊದಲಿಗಿಂತ ಕಡಿಮೆಯಾಗಿತ್ತು. ತೂಕವೂ ಅಲ್ಪಸ್ವಲ್ಪ ತಗ್ಗಿತ್ತು. ಮಾಲವಿಕಾ ತಮ್ಮ ಒಪ್ಪಿಗೆಯನ್ನು ಎರಡೇ ವಾಕ್ಯಗಳಲ್ಲಿ ಹೇಳಿದರು. ಮಧುಮೇಹದ ತಜ್ಞರೂ ಅರಿವಳಿಕೆಯ ವೈದ್ಯರೂ ತಲೆದೂಗಿದರು. ಉದಯಕುಮಾರ್ ಸಹಿ ಹಾಕಿ ಕ್ಯಾಲೆಂಡರ್ ತಿರುಗಿಸಿದರು.

“ಶಿವರಾತ್ರಿ ಮುಗಿದ ವಾರ ಅಡ್ಮಿಟ್ ಆಗಿ. ಆದರೆ ಈ ಸಲ ಉಪವಾಸ ಇಲ್ಲ. ಇನ್ಸುಲಿನ್ ಮೇಲೆ ಉಪವಾಸ ಮಾಡಿದ್ರೆ ಸಕ್ಕರೆ ಪಾತಾಳಕ್ಕೆ ಹೋಗುತ್ತೆ.”

“ಮಾಡಲ್ಲ ಸಾರ್. ಜಾಗರಣೆ ಒಂದು ಮಾಡ್ತೀನಿ.”

“ಅದೂ ಬೇಡ. ಮಾಸ್ಕ್ ಹಾಕ್ಕೊಂಡು ಮಲಗಬೇಕು. ಆಪರೇಷನ್ನಿಗೆ ಮುಂಚೆ ಉಸಿರು ಚೆನ್ನಾಗಿರಬೇಕು.”

ಶಂಭುಲಿಂಗಪ್ಪನವರು ಕುರ್ಚಿಯ ತೋಳುಗಳನ್ನು ಹಿಡಿದು ಎದ್ದು ನಿಂತರು.

“ಆಗಲಿ. ಆ ರಾತ್ರಿ ಶಿವನೇ ಎಚ್ಚರವಾಗಿರಲಿ,” ಎಂದು ನಮಸ್ಕರಿಸಿ, ಯಾವ ವಾರ್ಡಿಗೆ ಬರಬೇಕೆಂದು ಕೇಳಿ ತಿಳಿದುಕೊಂಡರು.